ಮಲೆನಾಡಿನ ಒಂದು ಕುಲುಮೆಯಲ್ಲಿ ಮೂರು ದಿನ

ಕಳೆದ ಜನವರಿಯಲ್ಲಿ ಶಿವಮೊಗ್ಗ ಜಿಲ್ಲೆಯ ಅಡಿಕೆ ಸೀಮೆಯ ಒಂದು ಕುಲುಮೆಯಲ್ಲಿ ಮೂರು ದಿನ ಇದ್ದು ಚಾಕು ಮಾಡುವ ಕೆಲಸ ಕಲಿತೆ. ಬರುವಾಗ ಅಲ್ಲಿಯೇ ತಯಾರಾದ ಒಂದು ಅಡುಗೆಮನೆಯ ಚಾಕುವನ್ನೂ ಒಂದು ತೋಟದ ಕತ್ತಿಯನ್ನೂ ಕೊಂಡು ತಂದೆ. ಹತ್ತು ತಿಂಗಳು ಇವೆರಡನ್ನೂ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಇದರಲ್ಲಿ ನನಗೆ ಕಲಿಸಿದ ಕಮ್ಮಾರ ಆಚಾರ್ರ ಹೆಸರಿಲ್ಲ, ಊರಿನ ಹೆಸರೂ ಇಲ್ಲ. ಬರೆಯಲು ಒಪ್ಪಿಗೆ ಕೇಳಿದಾಗ ಅವರು ಹಾಕಿದ ಷರತ್ತು ಅದೊಂದೇ. ವಿಳಾಸವಿಲ್ಲದ ವಿಮರ್ಶೆಯಿಂದ ಓದುವವರಿಗೆ ಏನು ಪ್ರಯೋಜನ ಎಂದು ನಾನೂ ಯೋಚಿಸಿದೆ. ಆದರೆ ಇಂಥ ಕುಲುಮೆಗಳು ಮಲೆನಾಡಿನಲ್ಲಿ ಇನ್ನೂ ಇವೆ. ಹುಡುಕಿಕೊಂಡು ಹೋಗುವವರಿಗೆ ಅಲ್ಲಿ ಏನು ಕೇಳಬೇಕು, ಏನು ನೋಡಬೇಕು ಎಂಬುದು ತಿಳಿದಿದ್ದರೆ ಒಳ್ಳೆಯದು. ಅದಕ್ಕಿಂತ ಮುಖ್ಯವಾಗಿ, ಈ ಹಿರಿಯರು ಮೊಬೈಲಿನಲ್ಲಿ ಪಾಠ ಹೇಳುವುದನ್ನು ಬಿಟ್ಟದ್ದು ಏಕೆ ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಆ ಮೂರು ದಿನಗಳ ಕೆಲಸದಲ್ಲಿಯೇ.

ಸುಮಾರು ಐದು ವರ್ಷ ಅವರು ಪ್ರತಿ ರಾತ್ರಿ ಊಟವಾದ ಮೇಲೆ ಮಗನ ಫೋನು ಹಿಡಿದು ಕೂರುತ್ತಿದ್ದರು. ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಕೊಲ್ಲಿ ದೇಶಗಳಲ್ಲಿ ಇರುವ ಕನ್ನಡದ ಹುಡುಗರು ತಾವು ಬಡಿದ ಚಾಕುವಿನ ಚಿತ್ರ ಕಳುಹಿಸಿದರೆ, ಬೆನ್ನು ದಪ್ಪವಾಯಿತು, ಬಾಯಿ ಸೊಟ್ಟಗಾಯಿತು, ಹಿಡಿಯೊಳಗೆ ಹೋಗುವ ಭಾಗದ ಬುಡದಲ್ಲಿ ಚೂಪಾದ ಮೂಲೆ ಬಿಡಬೇಡಿ, ಮುರಿಯುವುದು ಅಲ್ಲಿಯೇ ಎಂದು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಧ್ವನಿ ಸಂದೇಶ ಕಳುಹಿಸುತ್ತಿದ್ದರು. ನಾನು ಮನೆಯ ಹಿತ್ತಲಿನಲ್ಲಿ ಇಟ್ಟಿಗೆಯ ಒಲೆ ಕಟ್ಟಿಕೊಂಡು ಮೊದಲ ಚಾಕು ಮಾಡಿದ್ದು ಆ ಮಾತುಗಳನ್ನು ನಂಬಿಯೇ. ಎರಡು ವರ್ಷಗಳ ಹಿಂದೆ ಅವರ ಉತ್ತರಗಳು ಮೊದಲು ವಿರಳವಾದವು, ಆಮೇಲೆ ನಿಂತೇ ಹೋದವು. ವಿದ್ಯೆ ಮುಚ್ಚಿಡುತ್ತಿದ್ದಾರೆ ಎಂದು ಕೆಲವರು ಆಡಿಕೊಂಡರು. ಅವರಿಗೆ ಕಾಯಿಲೆಯೇನೋ ಎಂದು ನಾನು ಗಾಬರಿಪಟ್ಟಿದ್ದೆ.

ಎರಡೂ ನಿಜವಲ್ಲ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವವರಿಂದ ಅವರಿಗೆ ಬೇಸರವಾಗಿರಲಿಲ್ಲ. ಕುಲುಮೆಗೆ ಬರುವ ರೈತರು ನಲವತ್ತು ವರ್ಷದಿಂದ ಅದೇ ಪ್ರಶ್ನೆಗಳನ್ನು ಕೇಳುತ್ತಿದ್ದಾರಲ್ಲ ಎನ್ನುತ್ತಾರೆ. ಅವರನ್ನು ದಣಿಸಿದ್ದು ಬೇರೆ ಎರಡು ಸಂಗತಿಗಳು. ಒಂದು, ಒಮ್ಮೆಯೂ ಕಬ್ಬಿಣ ಕಾಯಿಸದವರು ಉಷ್ಣಾಂಶದ ಪಟ್ಟಿಗಳನ್ನು ಮುಂದಿಟ್ಟು ಅವರೊಂದಿಗೆ ವಾದಕ್ಕೆ ಇಳಿಯುತ್ತಿದ್ದದ್ದು. ಪಟ್ಟಿ ತಪ್ಪಲ್ಲ ಎಂಬುದು ಅವರಿಗೂ ಗೊತ್ತು, ಆದರೆ ಆ ಪಟ್ಟಿ ಯಾವ ಉಕ್ಕಿಗೆ ಸೇರಿದ್ದು ಮತ್ತು ಎದುರಿಗಿರುವ ತುಂಡು ಯಾವುದು ಎಂಬುದನ್ನು ನೋಡದೆ ಹೇಳುವ ಮಾತಿಗೆ ಉತ್ತರ ಕೊಟ್ಟು ಪೂರೈಸುವುದಿಲ್ಲ. ಇನ್ನೊಂದು ಇದಕ್ಕಿಂತ ಭಾರವಾದದ್ದು. ಅವರ ಕೆಲಸದ ತುಣುಕು ವಿಡಿಯೋಗಳು ಊರೂರು ತಿರುಗಿದ ಮೇಲೆ ಗುರುತಿಲ್ಲದವರು ಫೋನು ಮಾಡಿ ಲಾಂಗು ಬೇಕು, ಹುಟ್ಟುಹಬ್ಬದ ಕೇಕು ಕತ್ತರಿಸಲು ತಲವಾರು ಬೇಕು ಎಂದು ಕೇಳತೊಡಗಿದರು.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ದೇಶದ 1959ರ ಶಸ್ತ್ರಾಸ್ತ್ರ ಕಾಯಿದೆಯ ಅಡಿಯಲ್ಲಿ 1962ರಲ್ಲಿ ಬಂದ ನಿಯಮಗಳೇ, ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇರುವ ಚಾಕು ಮತ್ತು ಕತ್ತಿಗಳನ್ನು ಆಯುಧಗಳ ಸಾಲಿಗೆ ಸೇರಿಸಿ, ಮನೆಬಳಕೆಗೆ, ಬೇಸಾಯಕ್ಕೆ, ವೈಜ್ಞಾನಿಕ ಮತ್ತು ಕೈಗಾರಿಕಾ ಕೆಲಸಕ್ಕೆ ಮಾಡಿದವುಗಳನ್ನು ಮಾತ್ರ ಹೊರಗಿಟ್ಟಿದ್ದವು. ಹಾಗಾಗಿ ಅಡಿಕೆ ತೋಟದ ಕತ್ತಿ ಎಷ್ಟು ಉದ್ದವಿದ್ದರೂ ಅದು ಬೇಸಾಯದ ಸಲಕರಣೆ. ಅದೇ ಕುಲುಮೆಯಲ್ಲಿ ಅದೇ ಉಕ್ಕಿನ ಪಟ್ಟಿಯಿಂದ ಇನ್ನೊಂದು ಉದ್ದೇಶಕ್ಕೆ ಬಡಿದದ್ದು ಮಾಡಿದವರನ್ನೂ ಕೊಂಡವರನ್ನೂ ಠಾಣೆಗೆ ಕರೆದೊಯ್ಯಬಹುದು. ಮುಖ ನೋಡದೆ, ಯಾವ ಊರಿನವರು, ಯಾರ ತೋಟದವರು ಎಂದು ತಿಳಿಯದೆ ಈ ವ್ಯತ್ಯಾಸವನ್ನು ಹೇಗೆ ಕಾಪಾಡುವುದು? ಮೂರು ತಲೆಮಾರಿನಿಂದ ತಮ್ಮಲ್ಲಿ ಮೆಟ್ಟುಗತ್ತಿ, ಕುಡುಗೋಲು, ಪಿಕಾಸಿ ಬಿಟ್ಟು ಬೇರೆ ಮಾಡಿದ್ದಿಲ್ಲ ಎನ್ನುವ ಮನೆಗೆ ಅಂಥ ಒಂದು ಕರೆ ಬಂದರೆ ರಾತ್ರಿ ನಿದ್ದೆ ಬರುವುದಿಲ್ಲ. ಅವರು ಆ ನಂಬರನ್ನೇ ಬಿಟ್ಟರು. ಈಗ ಅವರನ್ನು ಕಾಣಬೇಕೆಂದರೆ ಪರಿಚಯದವರ ಮೂಲಕ ಹೇಳಿಕಳುಹಿಸಿ, ಅವರು ಬನ್ನಿ ಎಂದ ದಿನ ಹೋಗಬೇಕು.

ಒಂದು ಸಲಕ್ಕೆ ಮೂವರಿಗಿಂತ ಹೆಚ್ಚು ಜನರನ್ನು ಕೂರಿಸಿಕೊಳ್ಳುವುದಿಲ್ಲ. ಮೂರು ದಿನಕ್ಕೆ ಕಬ್ಬಿಣ, ಇದ್ದಿಲು, ಎರಡು ಹೊತ್ತಿನ ಊಟ ಸೇರಿ ನಾನು ಕೊಟ್ಟದ್ದು 4,500 ರೂಪಾಯಿ. ಮೊದಲ ದಿನ ಮಧ್ಯಾಹ್ನದವರೆಗೆ ಸುತ್ತಿಗೆ ಮುಟ್ಟಲು ಬಿಡಲಿಲ್ಲ. ಗುಜರಿಯಿಂದ ತಂದ ತುಂಡುಗಳನ್ನು ಒಂದೊಂದಾಗಿ ಸಾಣೆಗೆ ಹಿಡಿದು ಕಿಡಿಯನ್ನು ನೋಡಲು ಹೇಳಿದರು. ಮೆದು ಕಬ್ಬಿಣದ ಕಿಡಿ ಉದ್ದವಾಗಿ, ಕವಲಿಲ್ಲದೆ ಹೋಗುತ್ತದೆ. ಇಂಗಾಲ ಹೆಚ್ಚಿದಷ್ಟೂ ಕಿಡಿ ತುದಿಯಲ್ಲಿ ಒಡೆದು ಹೂವಿನಂತೆ ಅರಳುತ್ತದೆ. ಲಾರಿಯ ಕಮಾನು ಪಟ್ಟಿಯಲ್ಲಿ ಸುಮಾರು 0.5ರಿಂದ 0.6 ಶೇಕಡಾ ಇಂಗಾಲವಿರುತ್ತದೆ, ಪೆಟ್ಟು ತಡೆಯುವ ತೋಟದ ಕತ್ತಿಗೆ ಅದು ಒಪ್ಪುತ್ತದೆ. ಬೇರಿಂಗಿನ ಉಕ್ಕು, ನಮ್ಮ ಕಾರ್ಖಾನೆಗಳಲ್ಲಿ ಇಎನ್ 31 ಎಂದು ಕರೆಯುವುದು, ಸುಮಾರು 1 ಶೇಕಡಾ ಇಂಗಾಲವೂ ಒಂದೂವರೆ ಶೇಕಡಾದಷ್ಟು ಕ್ರೋಮಿಯಮ್ಮೂ ಇರುವಂಥದ್ದು. ಅದು ತೆಳುವಾದ ಅಡುಗೆ ಚಾಕುವಿಗೆ ಚೆನ್ನ, ಆದರೆ ಕಾಯಿಸುವವನ ತಪ್ಪನ್ನು ಕ್ಷಮಿಸುವುದಿಲ್ಲ. ಇವನ್ನೆಲ್ಲ ನಾನು ಮೊದಲೇ ಓದಿದ್ದೆ. ಐದು ತುಂಡುಗಳನ್ನು ಕಲಸಿ ಕೊಟ್ಟು ಬೇರ್ಪಡಿಸಿ ಎಂದಾಗ ಎರಡನ್ನು ತಪ್ಪಾಗಿ ಇಟ್ಟೆ.

ಮೂರನೆಯ ದಿನದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾನು ಹೋದದ್ದೇ ಅದಕ್ಕಾಗಿ. ನಾನು ಮನೆಯಲ್ಲಿ ಮಾಡಿದ ಚಾಕುಗಳ ಬಾಯಿ ಚಿಕ್ಕ ಚಿಕ್ಕದಾಗಿ ಉದುರುತ್ತಿತ್ತು. ಹಿಂದೆ ಆಚಾರ್ರಿಗೆ ಚಿತ್ರ ಕಳುಹಿಸಿ ಕಾರಣ ಕೇಳಿದ್ದೆ, ಕೆಂಪಗೆ ಕಾದಾಗ ತೆಗೆದ ಇನ್ನೊಂದು ಚಿತ್ರ ಕಳುಹಿಸಿ ಎಂದಿದ್ದರು, ಕಳುಹಿಸಿದ್ದೆ. ಬಣ್ಣ ಸರಿಯಿದೆ ಎಂದು ಅವರಿಂದ ಉತ್ತರ ಬಂದಿತ್ತು. ನಾನು ಅದೇ ರೀತಿ ಇನ್ನೂ ನಾಲ್ಕು ಚಾಕು ಮಾಡಿ ನಾಲ್ಕನ್ನೂ ಕೆಡಿಸಿಕೊಂಡೆ. ಕುಲುಮೆಯಲ್ಲಿ ನಾನು ಸರಿಯೆಂದು ತಿಳಿದಿದ್ದ ಬಣ್ಣಕ್ಕೆ ಪಟ್ಟಿಯನ್ನು ಕಾಯಿಸಿ ಎಣ್ಣೆಗೆ ಇಳಿಸಿದೆ. ಅವರು ಏನೂ ಹೇಳಲಿಲ್ಲ. ತಣ್ಣಗಾದ ಮೇಲೆ ಅದನ್ನು ಇಕ್ಕಳದಲ್ಲಿ ಹಿಡಿದು, ಕಬ್ಬಿಣ ಬಡಿಯುವ ಅಡಿಗಲ್ಲಿನ ಅಂಚಿಗೆ ಹೊಡೆದು ಮುರಿದರು. ಮುರಿದ ಮುಖ ಸಕ್ಕರೆಯ ಹರಳಿನಂತೆ ಮಿನುಗುತ್ತಿತ್ತು. ಆಮೇಲೆ ತಾವೇ ಅದೇ ಪಟ್ಟಿಯ ಇನ್ನೊಂದು ತುಂಡನ್ನು ಕಾಯಿಸಿ, ಎಣ್ಣೆಗೆ ಇಳಿಸಿ ಮುರಿದರು. ಅದರ ಮುಖ ಒಣ ಬೂದಿಯಂತೆ ನಯವಾಗಿ, ಮಂಕಾಗಿ ಇತ್ತು. ಅತಿಯಾಗಿ ಕಾದರೆ ಉಕ್ಕಿನೊಳಗಿನ ಹರಳುಗಳು ಬೆಳೆದು ದೊಡ್ಡದಾಗುತ್ತವೆ, ಹರಳು ದಪ್ಪವಾದಷ್ಟೂ ಬಾಯಿ ಬೇಗ ಉದುರುತ್ತದೆ. ಇದು ಲೋಹಶಾಸ್ತ್ರದ ಪುಸ್ತಕದಲ್ಲೂ ಇರುವ ಮಾತು. ಆ ಎರಡು ತುಂಡುಗಳನ್ನು ಎರಡು ಕೈಯಲ್ಲಿ ಹಿಡಿದು ನೋಡಿದಾಗ ಮಾತ್ರ ನನಗೆ ನನ್ನ ತಪ್ಪು ಅರ್ಥವಾಯಿತು.

ಹಾಗಾದರೆ ಅವರು ಚಿತ್ರ ನೋಡಿ ಸರಿಯಿದೆ ಎಂದದ್ದು ಹೇಗೆ? ನನ್ನ ಫೋನನ್ನು ತೆಗೆದುಕೊಂಡು, ಬೆಂಕಿಯಲ್ಲಿದ್ದ ಅದೇ ಪಟ್ಟಿಯ ಚಿತ್ರವನ್ನು ಒಂದು ಸಲ ಕತ್ತಲೆಯ ಮೂಲೆಯಿಂದ, ಒಂದು ಸಲ ಬಾಗಿಲ ಬೆಳಕಿನ ಕಡೆಯಿಂದ ತೆಗೆದು ತೋರಿಸಿದರು. ಒಂದರಲ್ಲಿ ಕಬ್ಬಿಣ ದಾಳಿಂಬೆ ಕೆಂಪು, ಇನ್ನೊಂದರಲ್ಲಿ ಕಿತ್ತಳೆ. ಕ್ಯಾಮೆರಾ ಸುತ್ತಲಿನ ಬೆಳಕಿಗೆ ತಕ್ಕಂತೆ ತಾನೇ ಬಣ್ಣವನ್ನೂ ಹೊಳಪನ್ನೂ ಬದಲಿಸುತ್ತದೆ, ನೋಡುವವರ ಪರದೆ ಅದನ್ನು ಮತ್ತಷ್ಟು ಬದಲಿಸುತ್ತದೆ. ಚಾಕು ಮಾಡುವ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ತೀರ್ಮಾನ ಇರುವುದು ಆ ಬಣ್ಣದಲ್ಲಿಯೇ. "ಐದು ವರ್ಷ ನಾನು ನೋಡದೇ ಇರೋ ಬಣ್ಣಕ್ಕೆ ಸರಿ, ತಪ್ಪು ಅಂತ ಹೇಳಿದೀನಿ. ಎಷ್ಟು ಜನರ ಕಬ್ಬಿಣ ಹಾಳಾಯ್ತೋ," ಎಂದರು. ಬಿಟ್ಟದ್ದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಇದು. ವಾದಕ್ಕೆ ಬಂದವರ ಮೇಲಿನ ಸಿಟ್ಟಾಗಲಿ ಪೊಲೀಸರ ಭಯವಾಗಲಿ ಇಲ್ಲದಿದ್ದರೂ ಅವರು ಬಹುಶಃ ಇದೇ ತೀರ್ಮಾನಕ್ಕೆ ಬರುತ್ತಿದ್ದರು ಎಂದು ನನಗೆ ಅನ್ನಿಸುತ್ತದೆ.

ಅವರು ಕಲಿಸಿದ ಕ್ರಮ ಸರಳವಾಗಿದೆ. ದಾರಕ್ಕೆ ಕಟ್ಟಿದ ಆಯಸ್ಕಾಂತವನ್ನು ಕುಲುಮೆಯ ಪಕ್ಕದಲ್ಲಿ ನೇತುಹಾಕಿರುತ್ತಾರೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಕ್ಕು ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟುವುದು ನಿಂತ ಗಳಿಗೆಯ ಬಣ್ಣವನ್ನು ಕಣ್ಣಿನಲ್ಲಿ ಇಟ್ಟುಕೊಂಡು, ಅದಕ್ಕಿಂತ ಒಂದು ಛಾಯೆ ಮಾತ್ರ ಮೇಲೆ ಹೋಗಿ, ಬಿಸಿ ಮಾಡಿದ ಎಣ್ಣೆಗೆ ಇಳಿಸಬೇಕು. ಇದಕ್ಕಾಗಿ ಹಗಲಿನಲ್ಲೂ ಕಿಟಕಿಗೆ ಗೋಣಿ ಇಳಿಬಿಟ್ಟು ಒಳಗೆ ಮಬ್ಬು ಮಾಡಿಕೊಳ್ಳುತ್ತಾರೆ, ದಿನವೂ ಒಂದೇ ಬೆಳಕಿರಲಿ ಎಂದು. ಎಣ್ಣೆಯಿಂದ ಬಂದ ಚಾಕುವಿನ ಮೇಲೆ ಅರ ಎಳೆದರೆ ಹಿಡಿಯದೆ ಜಾರಬೇಕು. ಆಮೇಲೆ ಮೈಯನ್ನು ಬೆಳ್ಳಗೆ ಉಜ್ಜಿ, ಕಾದ ಕಬ್ಬಿಣದ ದಿಮ್ಮಿಯ ಮೇಲೆ ಬೆನ್ನನ್ನು ಊರಿಸಿ ಹದಕ್ಕೆ ತರುವುದು. ಅಡುಗೆ ಚಾಕುವಿನ ಬಾಯಿಗೆ ಒಣಹುಲ್ಲಿನ ಬಣ್ಣ ಬಂದರೆ ಸಾಕು, ಅದು ಹೆಚ್ಚು ಕಡಿಮೆ 220 ಡಿಗ್ರಿ. ತೋಟದ ಕತ್ತಿಯ ಬೆನ್ನು ನೀಲಿಗೆ ತಿರುಗುವವರೆಗೆ, ಎಂದರೆ 300ರ ಹತ್ತಿರದವರೆಗೆ ಬಿಡುತ್ತಾರೆ. ಆ ಬಣ್ಣಗಳು ಬೆನ್ನಿನಿಂದ ಬಾಯಿಯ ಕಡೆಗೆ ಹರಿಯುವುದನ್ನು ಪಕ್ಕದಲ್ಲಿ ನಿಂತು ಎಂಟು ಹತ್ತು ಸಲ ನೋಡಿದರೆ ಅದು ಮರೆಯುವುದಿಲ್ಲ.

ಬರಹದಿಂದಲೇ ಈ ವಿದ್ಯೆ ಕೈಗೆ ಹತ್ತುವುದಿಲ್ಲ ಎಂಬ ಮಾತು ನಮ್ಮ ನೆಲಕ್ಕೆ ಹೊಸದಲ್ಲ. ಪಶ್ಚಿಮದವರು ವೂಟ್ಸ್ ಎಂದು ಕರೆದ ಲೋಹದ ಹೆಸರು ಕನ್ನಡದ ಉಕ್ಕು ಎಂಬ ಪದದಿಂದ ಹೋದದ್ದು ಎಂಬುದು ಬಹುಜನರ ಅಭಿಪ್ರಾಯ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಇಲ್ಲಿಯವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿಯನ್ನೂ ಹಸಿರೆಲೆಯನ್ನೂ ಇಟ್ಟು ಬಾಯಿ ಮುಚ್ಚಿ ಕಾಯಿಸಿ ಉಕ್ಕು ಮಾಡುವುದನ್ನು ಬರೆದಿಟ್ಟ. ಕಮ್ಮಾರನ ಮಗನಾಗಿದ್ದ ವಿಜ್ಞಾನಿ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ ಇದೇ ಉಕ್ಕನ್ನು ಪರೀಕ್ಷಿಸಿದ. ಬರಹವಿತ್ತು, ವಿಶ್ಲೇಷಣೆಯಿತ್ತು, ಮಾದರಿ ತುಂಡುಗಳೂ ಇದ್ದವು. ಕುಲುಮೆಗಳು ಆರಿದ ಮೇಲೆ ಆ ಉಕ್ಕಿನ ಅಲಗುಗಳ ಮೇಲೆ ಕಾಣುತ್ತಿದ್ದ ನೀರಲೆಯಂಥ ವಿನ್ಯಾಸವನ್ನು ತರಲು ಬಹಳ ಕಾಲ ಯಾರಿಂದಲೂ ಆಗಲಿಲ್ಲ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಅಯೋವಾದ ಲೋಹವಿಜ್ಞಾನಿ ಜಾನ್ ವೆರ್ಹೋವನ್ ಮತ್ತು ಫ್ಲಾರಿಡಾದ ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ವರ್ಷಗಟ್ಟಲೆ ಜೊತೆಯಾಗಿ ದುಡಿದು ಅದನ್ನು ಮತ್ತೆ ಮಾಡಿ ತೋರಿಸಿದರು. ಅದಿರಿನಲ್ಲಿದ್ದ ಅತ್ಯಲ್ಪ ವೆನಾಡಿಯಮ್‌ನಂಥ ಧಾತುಗಳ ಪಾತ್ರವನ್ನು ಗುರುತಿಸಿದರು. ಇದನ್ನು ಆಚಾರ್ರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಇಬ್ಬರೂ ಒಂದೇ ಕುಲುಮೆಯ ಮುಂದೆ ನಿಂತಿದ್ದರಾ?

ಅಮೆರಿಕದವರೇ ಈ ವಿಷಯದಲ್ಲಿ ಇನ್ನೊಂದು ಒಳ್ಳೆಯ ಪದ್ಧತಿಯನ್ನು ಉಳಿಸಿಕೊಂಡಿದ್ದಾರೆ. ಬಿಲ್ ಮೊರಾನ್ ಮತ್ತು ಸಂಗಡಿಗರು 1976ರಲ್ಲಿ ಕಟ್ಟಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಎಂಬ ಚಾಕು ಕಮ್ಮಾರರ ಸಂಘದಲ್ಲಿ ಕಲಿಯುವವನು ತಾನು ಬಡಿದ ಒಂದೇ ಚಾಕುವಿನಿಂದ ತೂಗುಬಿಟ್ಟ ಒಂದಂಗುಲದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು, ಮರದ ರೀಪನ್ನು ಕಡಿದು ಎರಡು ತುಂಡು ಮಾಡುವುದನ್ನು ಎರಡು ಸಲ ಮಾಡಬೇಕು, ಆಮೇಲೂ ಅದರ ಬಾಯಿ ಕೈಮೇಲಿನ ಕೂದಲು ಬೋಳಿಸಬೇಕು, ಕೊನೆಗೆ ಅದನ್ನು 90 ಡಿಗ್ರಿ ಬಗ್ಗಿಸಿದರೂ ತುಂಡಾಗಬಾರದು. ಇದೆಲ್ಲ ನಡೆಯಬೇಕಾದದ್ದು ಮಾಸ್ಟರ್ ಸ್ಮಿತ್, ಎಂದರೆ ಆ ಸಂಘದ ಮೇಲಿನ ದರ್ಜೆಯ ಕಮ್ಮಾರ, ಒಬ್ಬರ ಕಣ್ಣೆದುರಿನಲ್ಲಿ. ವಿಡಿಯೋ ಕಳುಹಿಸಿದರೆ ಸಾಲದು ಎಂಬ ಅವರ ನಿಲುವು ನನಗೆ ಈಗ ಸಂಪೂರ್ಣ ಸರಿಯೆನಿಸುತ್ತದೆ.

ಇನ್ನು ಕೊಂಡು ತಂದ ವಸ್ತುಗಳ ವಿಷಯ. ಅಡುಗೆ ಚಾಕು ಬೇರಿಂಗಿನ ಉಕ್ಕಿನದು, ಅಲಗು ಏಳು ಅಂಗುಲ, ಬೆನ್ನು ಎರಡೂವರೆ ಮಿಲಿಮೀಟರಿನಷ್ಟು, ಬೆಲೆ 1,200 ರೂಪಾಯಿ. ಬಾಯಿಯ ಕಡೆಗೆ ಚೆನ್ನಾಗಿ ತೆಳ್ಳಗಾಗಿರುವುದರಿಂದ ಕುಂಬಳಕಾಯಿ, ಸುವರ್ಣಗೆಡ್ಡೆಗಳಲ್ಲೂ ಬೆಣೆಯಂತೆ ಸಿಕ್ಕಿಕೊಳ್ಳುವುದಿಲ್ಲ. ಅಂಗಡಿಯಲ್ಲಿ ಸಿಗುವ ತುಕ್ಕು ಹಿಡಿಯದ ಚಾಕುವನ್ನು ನಾನು ವಾರಕ್ಕೊಮ್ಮೆ ಮಸೆಯಬೇಕಾಗಿತ್ತು, ಇದಕ್ಕೆ ತಿಂಗಳಿಗೊಮ್ಮೆ ಕಲ್ಲು ತೋರಿಸಿದರೆ ಸಾಕಾಗಿದೆ. ಮೊದಲ ಮೂರು ವಾರ ಈರುಳ್ಳಿಗೂ ನಿಂಬೆಹಣ್ಣಿಗೂ ಕಬ್ಬಿಣದ ವಾಸನೆ ತಾಗುತ್ತಿತ್ತು. ಬಾಳೆಕಾಯಿ, ಹುಣಸೆಹಣ್ಣು ಕತ್ತರಿಸುತ್ತಾ ಅಲಗಿನ ಮೇಲೆ ಬೂದು ನೀಲಿಯ ಪೊರೆ ಕಟ್ಟಿದ ಮೇಲೆ ಅದು ನಿಂತಿತು. ಒದ್ದೆ ಬಿಟ್ಟರೆ ಮಾತ್ರ ಅರ್ಧ ಗಂಟೆಯಲ್ಲಿ ಕೆಂಪು ಚುಕ್ಕೆ ಕಾಣಿಸುತ್ತದೆ. ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಇಡುವ ಅಭ್ಯಾಸವಿಲ್ಲದ ಮನೆಗೆ ಇದನ್ನು ಶಿಫಾರಸು ಮಾಡಲಾರೆ.

ತೋಟದ ಕತ್ತಿ ಕಮಾನು ಪಟ್ಟಿಯದು, 900 ರೂಪಾಯಿ. ತೂಕ ತುದಿಯ ಕಡೆಗೆ ಸರಿಯಾಗಿ ಬಿದ್ದಿರುವುದರಿಂದ ಬೀಸುವ ಕೈಗೆ ಆಯಾಸ ಕಡಿಮೆ. ಒಣಗಿದ ಬಿದಿರಿನ ಗಿಣ್ಣಿಗೆ ಹೊಡೆದಾಗಲೂ ಬಾಯಿ ಉದುರಿಲ್ಲ, ಮಡಚಿಲ್ಲ. ಒಮ್ಮೆ ಕಲ್ಲಿಗೆ ತಾಗಿ ಕಚ್ಚು ಬಿದ್ದದ್ದನ್ನು ಅರದಲ್ಲಿಯೇ ತಿದ್ದಿಕೊಂಡೆ. ಕೊರತೆ ಇರುವುದು ಹಿಡಿಯಲ್ಲಿ. ಮರ ಪೂರ್ತಿ ಒಣಗಿರಲಿಲ್ಲ ಎಂದು ಕಾಣುತ್ತದೆ, ಮಳೆಗಾಲ ಕಳೆದು ಬಿಸಿಲು ಬಿದ್ದ ಮೇಲೆ ಹಿಡಿ ಕುಗ್ಗಿ, ಅದರ ಬಾಯಿಗೆ ತೊಡಿಸಿದ ಬಳೆ ಸಡಿಲವಾಯಿತು. ಬೀಸುವ ಕತ್ತಿಯಲ್ಲಿ ಇದು ಅಪಾಯದ ದೋಷ, ಸಣ್ಣದೆಂದು ಬಿಡುವಂತಿಲ್ಲ. ಹೇಳಿಕಳುಹಿಸಿದಾಗ ಹಣ ಕೇಳದೆ ಹೊಸ ಹಿಡಿ ಹಾಕಿಕೊಟ್ಟರು, ಆದರೆ ಅದಕ್ಕಾಗಿ ಮತ್ತೆ ಅಲ್ಲಿಯವರೆಗೆ ಹೋಗಿ ಬರಬೇಕಾಯಿತು. ಎರಡರ ಬೆನ್ನಿನ ಅಂಚುಗಳೂ ಚೂಪಾಗಿಯೇ ಉಳಿದಿದ್ದವು, ಬೆರಳಿಗೆ ಒತ್ತುತ್ತಿದ್ದವು. ನಾನೇ ಉಜ್ಜಿ ದುಂಡಗೆ ಮಾಡಿಕೊಂಡೆ.

ಕಲಿಕೆಯಲ್ಲಿಯೂ ದೋಷಗಳಿವೆ. ಸಾಣೆಯ ಚಕ್ರದ ಮುಂದೆ ಕೂರುವವರಿಗೆ ಕನ್ನಡಕವಾಗಲಿ ಮೂಗಿಗೆ ಮುಸುಕಾಗಲಿ ಕೊಡುವ ಪದ್ಧತಿ ಇಲ್ಲ. ಅವರು ಇಷ್ಟು ವರ್ಷ ಹಾಗೆಯೇ ದುಡಿದಿದ್ದಾರೆ, ಅವರ ಕೆಮ್ಮು ಕೇಳಿದರೆ ಅದರ ಬೆಲೆಯೂ ತಿಳಿಯುತ್ತದೆ. ಹೋಗುವವರು ಇವೆರಡನ್ನೂ ಹತ್ತಿಯ ಉಡುಪನ್ನೂ ಮುಚ್ಚಿದ ಚಪ್ಪಲಿಯನ್ನೂ ತಾವೇ ಒಯ್ಯಬೇಕು. ಬರೆದುಕೊಳ್ಳಲು ಸಮಯ ಕೊಡುವುದಿಲ್ಲ. ನಾನು ರಾತ್ರಿ ನೆನಪಿನಿಂದ ಬರೆದುಕೊಂಡೆ. ಹೇಳಿದ ದಿನಾಂಕ ಎರಡು ಸಲ ಮುಂದೆ ಹೋಯಿತು, ಒಮ್ಮೆ ಊರಿನವರ ಕೊಯ್ಲಿನ ಕುಡುಗೋಲುಗಳಿಗಾಗಿ. ಅದನ್ನು ನಾನು ದೂರುವುದಿಲ್ಲ, ಆದರೆ ರಜೆ ಹಾಕಿ ಬರುವವರು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಅವರು ದೂರ ಸರಿದದ್ದರಿಂದ ಆದ ನಷ್ಟವನ್ನೂ ಅವರ ಮುಂದೆಯೇ ಹೇಳಿದೆ, ಇಲ್ಲಿಯೂ ಹೇಳಬೇಕು. ಬಣ್ಣವನ್ನು ದೂರದಿಂದ ಕಲಿಸಲಾಗದು ನಿಜ, ಅಪಾಯವನ್ನು ದೂರದಿಂದಲೂ ತಪ್ಪಿಸಬಹುದು. ಯಾರೋ ಹುಡುಗ ಸತು ಲೇಪಿಸಿದ ನೀರಿನ ಕೊಳವೆಯನ್ನು ಒಲೆಗೆ ಬಳಸುತ್ತೇನೆ ಎಂದರೆ, ಆ ಹೊಗೆ ಕುಡಿದರೆ ಜ್ವರ ಬಂದು ಮಲಗುತ್ತೀಯಪ್ಪ ಎಂದು ಹಿಂದೆ ಒಂದು ಗಂಟೆಯೊಳಗೆ ಅವರ ಧ್ವನಿ ಬರುತ್ತಿತ್ತು. ವಾಹನದ ಹಳೆಯ ಇಂಜಿನ್ ಎಣ್ಣೆಯಲ್ಲಿ ಕಾದ ಉಕ್ಕನ್ನು ಅದ್ದಬೇಡಿ, ಅದರ ಹೊಗೆ ವಿಷ ಎನ್ನುತ್ತಿದ್ದರು. ಬೇರಿಂಗಿನ ಉಕ್ಕನ್ನು ನೀರಿಗೆ ಇಳಿಸಿದರೆ ಬಿರುಕು ಬಿಡುತ್ತದೆ ಎಂದು ಎಚ್ಚರಿಸುತ್ತಿದ್ದರು. ಈಗ ಅಂಥ ಅಪಾಯಕ್ಕೆ ದೂಡುವ ತಪ್ಪು ಸಲಹೆಗಳು ಯಾರೂ ತಿದ್ದದೆ ಹಾಗೆಯೇ ಉಳಿಯುತ್ತಿವೆ. ಅವರಂತೆಯೇ ಮಾತು ನಿಲ್ಲಿಸಿದ ಇನ್ನಿಬ್ಬರು ಹಿರಿಯರನ್ನು ನಾನು ಬಲ್ಲೆ. ಮಸ್ಕತ್ತಿನಲ್ಲಿ ಕೆಲಸದಲ್ಲಿರುವ ಹುಡುಗ ಮೂರು ದಿನ ಮಲೆನಾಡಿಗೆ ಬರಲಾರ. ಅವನಿಗೆ ಈ ಕುಲುಮೆಯ ಬಾಗಿಲು ಮುಚ್ಚಿದಂತೆಯೇ.

ಆಚಾರ್ರು ಬಹಳ ಹೊತ್ತು ತಿದಿಯ ಹಗ್ಗ ಎಳೆಯುತ್ತಾ ಸುಮ್ಮನಿದ್ದರು. ಕೊನೆಗೆ, "ಮಾಡಬಾರದ್ದು ಏನೇನು ಅಂತ ನೀವು ಬರೀರಿ, ನಾನು ಕೇಳಿ ತಿದ್ದಿಕೊಡ್ತೀನಿ. ಮಾಡೋದು ಹೆಂಗೆ ಅಂತ ಮಾತ್ರ ಬರೀಬೇಡಿ," ಎಂದರು. ಹದಿನಾರು ಪುಟಗಳಷ್ಟು ಬರೆದಿದ್ದೇನೆ. ಹಿಡಿ ಹಾಕಿಸಲು ಹೋದಾಗ ಅರ್ಧವನ್ನು ಓದಿ ಹೇಳಿದೆ, ಏಳು ಕಡೆ ತಿದ್ದಿದರು.

ಹೋಗುವವರು ಅಡಿಕೆ ಕೊಯ್ಲು ಮುಗಿದು ಊರಿನ ಕೆಲಸ ಕಡಿಮೆಯಾದ ಮೇಲೆ ಹೇಳಿಕಳುಹಿಸುವುದು ಲೇಸು. ಜೋರು ಮಳೆಯ ತಿಂಗಳುಗಳಲ್ಲಿ ಕಲಿಯುವವರನ್ನು ಸೇರಿಸಿಕೊಳ್ಳುವುದಿಲ್ಲ, ಅಮಾವಾಸ್ಯೆಯಂದು ಕುಲುಮೆ ಹೊತ್ತಿಸುವುದಿಲ್ಲ. ನಿಮ್ಮ ಕೈಯಲ್ಲಿ ಕೆಟ್ಟ ಚಾಕು ಇದ್ದರೆ ತಪ್ಪದೆ ಒಯ್ಯಿರಿ. ಅವರು ಅದನ್ನು ಮುರಿಯಲು ಕೇಳುತ್ತಾರೆ, ಒಪ್ಪಿಕೊಳ್ಳಿ. ಅಡಿಗಲ್ಲಿನ ಹಿಂದಿನ ಗೂಡಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಿದೆ, ಬಂದವರು ಕೆಡಿಸಿದ ತುಂಡುಗಳನ್ನು ಅದರಲ್ಲಿ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡು ಹೊಸಬರಿಗೆ ತೋರಿಸುತ್ತಾರೆ. ಸಕ್ಕರೆ ಹರಳಿನ ನನ್ನ ತುಂಡೂ ಈಗ ಅದರಲ್ಲಿದೆ.